ದೊಡ್ಡ ಸ್ವಾಮಿಯವರು ಮತ್ತು ಅಮ್ಮನ ಬೇನೆ

ಮುಧೋಳ, ಜಮಖಂಡಿ, ಬೀಳಗಿ ಸೀಮೆಯ ಹಿರಿಯರ ಬಾಯಲ್ಲಿ ಸಿಡುಬಿಗೆ ಸಿಡುಬೆಂಬ ಹೆಸರು ಅಪರೂಪ. ಅದು ಅಮ್ಮ, ಅದು ದೇವಿ. ಮಗುವಿನ ಮೈಮೇಲೆ ಗುಳ್ಳೆಗಳೆದ್ದಾಗ ರೋಗ ತಗಲಿತೆಂದು ಯಾರೂ ಹೇಳುತ್ತಿರಲಿಲ್ಲ. ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಕಾಲಾಂತರದಲ್ಲಿ ಆ ರೋಗವನ್ನು ತಡೆಯುವ ಲಸಿಕೆ ಬಂದಿತು. ಅದಕ್ಕೂ ನಮ್ಮ ಜನ ಬೇರೆ ಹೆಸರು ಹುಡುಕಲಿಲ್ಲ. ಅದು ದೇವಿ ಹಾಕಿಸುವುದು ಎಂದಾಯಿತು. ತೋಳಿನ ಮೇಲೆ ಆ ದುಂಡನೆಯ ಕಲೆಯನ್ನು ಹೊತ್ತವರು ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ. ಆ ಕಲೆಯನ್ನು ಕನ್ನಡ ನಾಡಿನ ಜನರ ತೋಳಿಗೆ ತಂದವರ ಮೊದಲ ಸಾಲಿನಲ್ಲಿ ಒಬ್ಬ ಕಥೋಲಿಕ ಗುರುವಿದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರೇ ಅಬ್ಬೆ ದುಬ್ವಾ. ಶ್ರೀರಂಗಪಟ್ಟಣದ ಸುತ್ತಿನ ಜನ ಅವರನ್ನು ಕರೆಯುತ್ತಿದ್ದುದು ದೊಡ್ಡ ಸ್ವಾಮಿಯವರು ಎಂದು.

ಫ್ರೆಂಚ್ ಭಾಷೆಯಲ್ಲಿ ಅಬ್ಬೆ ಎಂದರೆ ಗುರು, ಯಾಜಕ. ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಕವಿ ರನ್ನನ ಊರಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರನ್ನನ ಹೆತ್ತ ತಾಯಿ ಅಬ್ಬಲಬ್ಬೆ, ಅವನಿಗೆ ಆಶ್ರಯವಿತ್ತ ತಾಯಿ ಅತ್ತಿಮಬ್ಬೆ. ಎರಡು ಭಾಷೆಗಳ ಈ ಹೊಂದಿಕೆ ಕೇವಲ ಆಕಸ್ಮಿಕ. ಆದರೂ ದುಬ್ವಾ ಅವರ ಬಾಳನ್ನು ಓದುವಾಗ ಅದು ನಮ್ಮ ನೆನಪಿಗೆ ಬಾರದೆ ಇರುವುದಿಲ್ಲ.

ಝಾಂ ಆಂತ್ವಾನ್ ದುಬ್ವಾ ಅವರು 1765ರ ಸುಮಾರಿಗೆ ದಕ್ಷಿಣ ಫ್ರಾನ್ಸಿನ ಆರ್ದೆಷ್ ಪ್ರಾಂತದ ಸೇಂ ರೆಮೇಜ್ ಎಂಬ ಗ್ರಾಮದಲ್ಲಿ ಜನಿಸಿದರು. ವಿವಿಯೇ ಧರ್ಮಪ್ರಾಂತ್ಯದಲ್ಲಿ 1792ರಲ್ಲಿ ಗುರುದೀಕ್ಷೆ ಪಡೆದರು. ಅದು ಫ್ರಾನ್ಸಿನ ಮಹಾಕ್ರಾಂತಿಯ ಕಾಲ. ಧರ್ಮಸಭೆಯ ಆಸ್ತಿ ರಾಷ್ಟ್ರದ ಪಾಲಾಗಿ, ಗುರುಗಳು ತಲೆಮರೆಸಿಕೊಳ್ಳಬೇಕಾಗಿದ್ದ ಕಾಲ. ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಗೆ ಸೇರಿದ್ದ ಅವರು ಅದೇ ವರ್ಷದ ಜೂನ್ ತಿಂಗಳಲ್ಲಿ ಸ್ವದೇಶವನ್ನು ಬಿಟ್ಟು ಹಡಗನ್ನೇರಿದರು. ಮುಂದೆ ಮೂವತ್ತು ವರ್ಷ ಅವರು ತಾಯ್ನಾಡನ್ನು ಕಾಣಲಿಲ್ಲ.

1773ರಲ್ಲಿ ಯೇಸುಸಭೆ ರದ್ದಾದ ಬಳಿಕ ದಕ್ಷಿಣ ಭಾರತದಲ್ಲಿ ಅದರ ಗುರುಗಳು ನಡೆಸುತ್ತಿದ್ದ ಕಾರ್ಯದ ಬಹುಭಾಗ ಈ ಪ್ಯಾರಿಸ್ ಸಂಸ್ಥೆಯ ಹೆಗಲಿಗೆ ಬಿದ್ದಿತ್ತು. ದುಬ್ವಾ ಅವರು ಮೊದಲು ಪುದುಚೇರಿಗೆ ಬಂದು, ತಮಿಳು ಸೀಮೆಯ ಹಳ್ಳಿಗಳಲ್ಲಿ ಕೆಲವು ವರ್ಷ ಸೇವೆ ಸಲ್ಲಿಸಿದರು. ಅಲ್ಲಿಯೇ ಅವರು ತಮ್ಮ ಜೀವನಕ್ರಮವನ್ನು ಬದಲಿಸಿಕೊಂಡರು. ಯೂರೋಪಿಯನ್ನರ ಸಹವಾಸವನ್ನು ಆದಷ್ಟು ತ್ಯಜಿಸಿದರು. ಈ ನೆಲದ ಉಡುಪು, ಈ ನೆಲದ ಊಟ, ನೆಲದ ಮೇಲಿನ ಹಾಸಿಗೆ, ಜನರ ನಡೆನುಡಿ, ಇವೆಲ್ಲವನ್ನೂ ತಮ್ಮದಾಗಿಸಿಕೊಂಡರು. ಕಥೋಲಿಕ ಗುರುಗಳಲ್ಲಿ ಇದು ಹೊಸದಲ್ಲ; ಮಧುರೆಯಲ್ಲಿ ರಾಬರ್ಟ್ ದೆ ನೊಬಿಲಿ ಅವರು ಹದಿನೇಳನೆಯ ಶತಮಾನದಲ್ಲಿಯೇ ಈ ದಾರಿ ಹಿಡಿದಿದ್ದರು. ಆದರೆ ಕುಂಪಣಿಯ ದೊರೆಗಳು ದಿನೇ ದಿನೇ ಬಲಿಯುತ್ತಿದ್ದ ಕಾಲದಲ್ಲಿ ಬಿಳಿಯ ಗುರುವೊಬ್ಬನು ಬಿಳಿಯರ ಬಂಗಲೆಯನ್ನು ಬಿಟ್ಟು ಹಳ್ಳಿಯ ಛತ್ರದಲ್ಲಿ ಮಲಗುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟೀಪು ಸುಲ್ತಾನ್ ಮಡಿದ ನಂತರ ದುಬ್ವಾ ಅವರು ಮೈಸೂರು ಸೀಮೆಗೆ ಬಂದರು. ಅಲ್ಲಿನ ಕ್ರೈಸ್ತ ಸಮುದಾಯ ಚೆದುರಿಹೋಗಿತ್ತು. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದ ಮಂಗಳೂರಿನ ಕಥೋಲಿಕರು, ಬಲವಂತದಿಂದ ಮತಾಂತರಗೊಂಡವರು, ಮನೆ ಹೊಲ ಕಳೆದುಕೊಂಡವರು, ತಮ್ಮ ವಿಶ್ವಾಸವನ್ನು ಮರೆಮಾಚಿ ಬದುಕಿದವರು, ಎಲ್ಲರೂ ಅಲ್ಲಿದ್ದರು. ಅವರನ್ನು ಮರಳಿ ಒಗ್ಗೂಡಿಸುವುದು ದುಬ್ವಾ ಅವರ ಮೊದಲ ಕೆಲಸವಾಯಿತು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1800ರಲ್ಲಿ ಎದ್ದ ದೇವಾಲಯಕ್ಕೆ ಅವರ ಹೆಸರೇ ನಿಂತಿದೆ. ನೆಲವಿಲ್ಲದ ಕ್ರೈಸ್ತ ಕುಟುಂಬಗಳಿಗಾಗಿ ಅವರು ಒಕ್ಕಲುತನದ ನೆಲೆಗಳನ್ನೂ ಸ್ಥಾಪಿಸಿದರು. ಹೊಟ್ಟೆಗಿಲ್ಲದವನಿಗೆ ಬರಿಯ ಪ್ರಸಂಗ ಸಾಲದೆಂಬುದನ್ನು ಅವರು ಬಲ್ಲವರಾಗಿದ್ದರು.

ಯುದ್ಧದ ಬೆನ್ನಿಗೆ ಬರ, ಬರದ ಬೆನ್ನಿಗೆ ರೋಗ. ಆ ರೋಗಗಳಲ್ಲೆಲ್ಲ ಘೋರವಾದುದು ಸಿಡುಬು. ಅದು ಒಮ್ಮೆ ಊರು ಹೊಕ್ಕರೆ ತೊಟ್ಟಿಲುಗಳನ್ನು ಬರಿದು ಮಾಡಿಯೇ ಹೊರಡುತ್ತಿತ್ತು. ಬದುಕಿ ಉಳಿದವರಲ್ಲಿ ಕೆಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. ಮುಖದ ಮೇಲಿನ ಕುಳಿಗಳು ಬಹುಮಂದಿಗೆ ಕೊನೆಯವರೆಗೂ ಉಳಿಯುತ್ತಿದ್ದವು. ಹೆಣ್ಣುಮಕ್ಕಳಿಗೆ ಅದರಿಂದ ಮದುವೆಯೇ ಕಠಿಣವಾಗುತ್ತಿತ್ತು.

ಇಂಥ ವಿಪತ್ತನ್ನು ನಮ್ಮ ಹಳ್ಳಿಗಳು ಹೇಗೆ ಎದುರಿಸುತ್ತಿದ್ದವೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ. ದಕ್ಷಿಣದ ಕಡೆ ಮಾರಮ್ಮ, ನಮ್ಮ ಕಡೆ ದ್ಯಾಮವ್ವ, ದುರ್ಗವ್ವ. ರೋಗವೆಂದರೆ ಈ ತಾಯಿಯ ಆಗಮನ. ಅವಳು ಸಿಟ್ಟಾಗಿ ಬಂದಿರಬಹುದು, ಆಟಕ್ಕೆಂದು ಬಂದಿರಬಹುದು. ಬಂದವಳನ್ನು ಬೈಯುವಂತಿಲ್ಲ, ಓಡಿಸುವಂತಿಲ್ಲ. ಮನೆಯ ಬಾಗಿಲಿಗೆ ಬೇವಿನ ತಪ್ಪಲು ಕಟ್ಟುತ್ತಿದ್ದರು. ಮಗುವನ್ನು ಬೇವಿನ ಎಲೆಯ ಹಾಸಿಗೆಯ ಮೇಲೆ ಮಲಗಿಸಿ, ತುರಿಕೆಯಾದಾಗ ಉಗುರು ತಾಗಿಸದೆ ಬೇವಿನ ಟೊಂಗೆಯಿಂದಲೇ ಸವರುತ್ತಿದ್ದರು. ಒಲೆಯ ಮೇಲೆ ಒಗ್ಗರಣೆ ಸಿಡಿಯಬಾರದು. ಎಣ್ಣೆಯ ವಾಸನೆ ಅಮ್ಮನಿಗೆ ಆಗದು. ಮಜ್ಜಿಗೆ, ಅಂಬಲಿ, ಎಳನೀರು ಮುಂತಾದ ತಂಪು ಪದಾರ್ಥಗಳೇ ಪಥ್ಯ. ಹೊರಗಿನವರು ಒಳಗೆ ಬರಬಾರದು, ಒಳಗಿನವರು ಬೇರೆಯವರ ಮನೆಗೆ ಹೋಗಬಾರದು. ಅಮ್ಮ ಇಳಿದ ಮೇಲೆ ಬೇವಿನೆಲೆ ಹಾಕಿ ಕಾಯಿಸಿದ ನೀರಿನಲ್ಲಿ ಸ್ನಾನ, ಆನಂತರ ಗುಡಿಗೆ ಹೋಗಿ ಹಣ್ಣುಕಾಯಿ ಅಥವಾ ಹರಕೆ. ಊರಿಗೆ ಊರೇ ಮಲಗಿದರೆ ತಾಯಿಯನ್ನು ಪೂಜಿಸಿ ಸೀಮೆ ದಾಟಿಸಿ ಬರುವ ಆಚರಣೆ.

ಇದನ್ನೆಲ್ಲ ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ನಾವು ಹಾಗೆ ಮಾಡಲಾರೆವು. ರೋಗಿಯನ್ನು ಪ್ರತ್ಯೇಕವಾಗಿರಿಸುವುದು, ತಂಪು ಆಹಾರ, ಕೆರೆಯದಂತೆ ಕಾಯುವುದು, ಕಾಯಿಸಿದ ನೀರು ಇವು ಅನುಭವದಿಂದ ಬಂದ ಆರೈಕೆಗಳು. ಸಿಡುಬಿಗೆ ಹೇಳಿಕೊಳ್ಳುವಂಥ ಔಷಧ ಆಗ ಯಾರ ಬಳಿಯೂ ಇರಲಿಲ್ಲ. ಯೂರೋಪಿನ ವೈದ್ಯರು ರಕ್ತ ತೆಗೆದು, ಭೇದಿಮದ್ದು ಕೊಟ್ಟು ರೋಗಿಯನ್ನು ಇನ್ನಷ್ಟು ಬಳಲಿಸುತ್ತಿದ್ದರು. ಬೇವಿನ ಹಾಸಿಗೆಯ ಮೇಲೆ ಮಲಗಿದ ನಮ್ಮ ಹಳ್ಳಿಯ ಮಗುವಿಗೆ ಆ ಹಿಂಸೆಯಾದರೂ ಇರಲಿಲ್ಲ. ತೊಡಕಿದ್ದುದು ಬೇರೆಡೆ. ರೋಗವೇ ದೇವಿಯ ಆಗಮನವಾದ ಮೇಲೆ ಅದನ್ನು ಮುಂಚಿತವಾಗಿ ತಡೆಯುವುದೆಂದರೆ ದೇವಿಯ ಮುಖಕ್ಕೆ ಬಾಗಿಲು ಹಾಕಿದಂತೆ.

ಇಂಥ ಆಚಾರಗಳು ನಮ್ಮ ನಾಡಿಗೆ ಮಾತ್ರ ಸೀಮಿತವೆಂದು ಭಾವಿಸಬಾರದು. ಶತಮಾನಗಳಿಂದ ಕಥೋಲಿಕ ವಿಶ್ವಾಸಕ್ಕೆ ಹೆಸರಾದ ಐರ್ಲೆಂಡಿನ ಹಳ್ಳಿಗಳನ್ನೇ ನೋಡಿರಿ. ಅಲ್ಲಿ ಸಂತರ ಹೆಸರಿನ ಪವಿತ್ರ ಬಾವಿಗಳಿವೆ. ರೋಗಿಯ ಬಟ್ಟೆಯ ಚೂರೊಂದನ್ನು ಬಾವಿಯ ಬಳಿಯ ಮರಕ್ಕೆ ಕಟ್ಟಿದರೆ, ಆ ಚೂರು ಕೊಳೆತು ಹೋದಂತೆ ರೋಗವೂ ಸವೆಯುತ್ತದೆಂದು ಜನ ನಂಬುತ್ತಿದ್ದರು. ಏಳನೆಯ ಮಗನಿಗೆ ಏಳನೆಯ ಮಗನಾಗಿ ಹುಟ್ಟಿದವನ ಕೈಗೆ ಗುಣಪಡಿಸುವ ಶಕ್ತಿಯಿದೆಯೆಂದು ದೂರದೂರದಿಂದ ಬರುತ್ತಿದ್ದರು. ಅಲ್ಲಿನ ಗುರುಗಳು ಇವುಗಳಲ್ಲಿ ಕೆಲವನ್ನು ಖಂಡಿಸಿದರು, ಕೆಲವನ್ನು ಕಂಡೂ ಕಾಣದಂತಿದ್ದರು, ಕೆಲವಕ್ಕೆ ಜಪಮಾಲೆಯನ್ನು ಜೋಡಿಸಿ ಒಪ್ಪಿಕೊಂಡರು. ದುಃಖದಲ್ಲಿರುವ ತಾಯಿ ಎಲ್ಲ ದೇಶದಲ್ಲಿಯೂ ಒಂದೇ ರೀತಿಯವಳು.

ದುಬ್ವಾ ಅವರಿಗೆ ಈ ನಂಬಿಕೆಗಳ ಪರಿಚಯ ಚೆನ್ನಾಗಿತ್ತು. ಹಿಂದೂಗಳ ಆಚಾರ ವಿಚಾರ ಸಂಸ್ಕಾರಗಳನ್ನು ಕುರಿತ ಅವರ ಬೃಹತ್ ಗ್ರಂಥದಲ್ಲಿ ಇವುಗಳ ವಿವರಗಳು ಹೇರಳವಾಗಿವೆ. ಕೆಟ್ಟ ಕಣ್ಣು ತಾಗದಿರಲೆಂದು ಎತ್ತುವ ಆರತಿ, ಬೆಳೆಗೆ ದೃಷ್ಟಿಯಾಗದಂತೆ ಹೊಲದಲ್ಲಿ ಸುಣ್ಣ ಬಳಿದು ನಿಲ್ಲಿಸುವ ಗಡಿಗೆ, ರೋಗ ಬರಿಸುವ ಮತ್ತು ಬಿಡಿಸುವ ಮಂತ್ರಗಳು, ಮಾರಿಯಮ್ಮನ ಮುಂದೆ ಹರಕೆ ಹೊತ್ತವರು ಬೆನ್ನಿಗೆ ಕೊಕ್ಕೆ ಸಿಕ್ಕಿಸಿಕೊಂಡು ಸಿಡಿಯಾಡುವ ಪರಿ, ಎಲ್ಲವನ್ನೂ ಅವರು ಬರೆದಿದ್ದಾರೆ. ಸುಣ್ಣದ ಬೊಟ್ಟಿನ ಆ ಗಡಿಗೆ ಘಟಪ್ರಭೆಯ ದಂಡೆಯ ನಮ್ಮ ಹೊಲಗಳಿಗೂ ಅಪರಿಚಿತವಲ್ಲ. ಆದರೆ ಅವರ ಬರವಣಿಗೆಯ ಧ್ವನಿ ಎಲ್ಲ ಕಡೆ ಸೌಮ್ಯವಾಗಿಲ್ಲ. ಇಲ್ಲಿನ ಪೂಜೆ ನಂಬಿಕೆಗಳನ್ನು ಅವರು ಕಟುವಾಗಿ ಹೀಗಳೆದ ಪುಟಗಳು ಅನೇಕ. ಜನರಂತೆ ಉಟ್ಟು, ಜನರಂತೆ ಉಂಡ ವ್ಯಕ್ತಿಯ ಲೇಖನಿ ಇಷ್ಟೊಂದು ನಿಷ್ಠುರವಾದುದೇಕೆಂದು ಓದುಗರಿಗೆ ನೋವಾಗುವುದು ಸಹಜ, ನಮಗೂ ಆಗಿದೆ.

ಈಗ ಲಸಿಕೆಯ ವಿಚಾರಕ್ಕೆ ಬರೋಣ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಅವರು 1796ರಲ್ಲಿ ಒಂದು ಪ್ರಯೋಗ ಮಾಡಿದರು. ಹಾಲು ಕರೆಯುವ ಹೆಣ್ಣುಮಕ್ಕಳ ಕೈಗೆ ಆಕಳ ಕೆಚ್ಚಲಿನಿಂದ ತಗಲುವ ಗೋಸಿಡುಬು ಅಪಾಯಕಾರಿಯಲ್ಲ. ಅದು ಬಂದು ಹೋದವರಿಗೆ ಸಿಡುಬು ತಗಲುವುದಿಲ್ಲ ಎಂಬುದು ಅಲ್ಲಿನ ಹಳ್ಳಿಗರ ನಂಬಿಕೆಯಾಗಿತ್ತು. ಆ ಹಳ್ಳಿಯ ಮಾತನ್ನೇ ಜೆನ್ನರ್ ಪರೀಕ್ಷಿಸಿ, 1798ರಲ್ಲಿ ಪ್ರಕಟಿಸಿದರು. ಲ್ಯಾಟಿನ್ ಭಾಷೆಯಲ್ಲಿ ವಾಕ್ಕಾ ಎಂದರೆ ಆಕಳು. ವ್ಯಾಕ್ಸಿನ್ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದಲೇ. ಜಗತ್ತಿನ ಬಹು ದೊಡ್ಡ ವೈದ್ಯಕೀಯ ಶೋಧದ ಬೇರು ಗೌಳಿಗರ ಕೊಟ್ಟಿಗೆಯ ಒಂದು ನಂಬಿಕೆಯಲ್ಲಿದೆಯೆಂಬುದನ್ನು, ಜನಪದ ಚಿಕಿತ್ಸೆಗಳ ಮಾತು ಬಂದಾಗ ನಗುವವರು ನೆನೆಯಬೇಕು.

ಆದರೆ ಆ ರಸವನ್ನು ಸೀಸೆಯಲ್ಲಿ ತುಂಬಿ ಸಾಗಿಸುವಂತಿರಲಿಲ್ಲ. ಬಿಸಿಲಿನ ದೇಶದಲ್ಲಿ ಅದು ಬೇಗ ಸತ್ವ ಕಳೆದುಕೊಳ್ಳುತ್ತಿತ್ತು. ಅದು ಬದುಕಿರಬೇಕಾದರೆ ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ಸಾಗುತ್ತಲೇ ಇರಬೇಕು. ಲಸಿಕೆ ಹಾಕಿದ ಎಂಟನೆಯ ದಿನದ ಸುಮಾರಿಗೆ ಗುಳ್ಳೆ ಪಕ್ವವಾಗುತ್ತದೆ. ಆಗ ಅದರ ರಸವನ್ನು ಮೊನಚಾದ ಚಾಕುವಿನ ತುದಿಯಿಂದ ತೆಗೆದು ಮುಂದಿನ ಮಗುವಿನ ತೋಳನ್ನು ಗೀರಿ ಸೇರಿಸಬೇಕು. ಆ ದಿನ ಮುಂದಿನ ಮಗು ಸಿಗದಿದ್ದರೆ ಸರಪಳಿ ಅಲ್ಲಿಗೆ ಕಡಿಯಿತು. ಹೀಗೆ ತೋಳಿನಿಂದ ತೋಳಿಗೆ ದಾಟುತ್ತಾ ಬಾಗ್ದಾದ್, ಬಸ್ರಾ ಮಾರ್ಗವಾಗಿ ಲಸಿಕೆ ಮುಂಬಯಿ ಮುಟ್ಟಿತು. 1802ರ ಜೂನ್ 14ರಂದು ಅಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿಗೆ ಅದು ಹತ್ತಿತು. ಭಾರತದಲ್ಲಿ ಯಶಸ್ವಿಯಾದ ಮೊದಲ ಲಸಿಕೆ ಅದು. ಆ ಮಗುವಿನ ತೋಳಿನಿಂದಲೇ ಲಸಿಕೆ ದೇಶದ ಇತರೆಡೆಗೆ ಹರಡಿತು.

ಇದೇ ಕಾಲದಲ್ಲಿ, 1803ರ ನವೆಂಬರಿನಲ್ಲಿ, ಸ್ಪೇನ್ ದೇಶದಿಂದ ಒಂದು ಹಡಗು ಹೊರಟಿತು. ಅದರಲ್ಲಿ 22 ಮಂದಿ ಅನಾಥ ಬಾಲಕರಿದ್ದರು. ದಾರಿಯುದ್ದಕ್ಕೂ ಇವರ ತೋಳುಗಳಲ್ಲಿ ಒಂದರ ನಂತರ ಒಂದರಂತೆ ಲಸಿಕೆಯನ್ನು ಜೀವಂತವಾಗಿ ಉಳಿಸಿಕೊಂಡು ಅಮೆರಿಕ ಖಂಡಕ್ಕೆ ಸಾಗಿಸಲಾಯಿತು. ಮುಂದೆ ಬೇರೆ ಮಕ್ಕಳ ತೋಳುಗಳಲ್ಲಿ ಅದು ಫಿಲಿಪ್ಪೈನ್ಸ್ ದ್ವೀಪಗಳನ್ನೂ ಮುಟ್ಟಿತು. ಆ ಬಾಲಕರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಲಕ್ಷಾಂತರ ಜನರನ್ನು ಉಳಿಸಿದ ಆ ಯಾತ್ರೆಯ ಬಗ್ಗೆ ಓದುವಾಗ ನಮಗೆ ಸಂತೋಷದ ಜೊತೆಗೆ ಸಂಕಟವೂ ಆಗುತ್ತದೆ.

ಭಾರತದ ಹಳ್ಳಿಯಲ್ಲಿ ಇದು ಎಷ್ಟು ಕಠಿಣವೆಂದು ಊಹಿಸಿಕೊಳ್ಳಿರಿ. ಲಸಿಕೆಯವರು ಬಂದು, ದೇವಿಯ ಕೋಪಕ್ಕೆ ಅಂಜಿದ ತಾಯಿಯ ಮುಂದೆ ನಿಂತು, ಆರೋಗ್ಯವಾಗಿರುವ ಮಗುವಿನ ತೋಳನ್ನು ಗೀರುತ್ತೇವೆಂದು ಹೇಳಬೇಕು. ಗೀರಿ ಸೇರಿಸುವುದು ಬೇರೊಬ್ಬ ಮಗುವಿನ ಮೈಯ ರಸ; ಆ ಮಗು ಯಾವ ಜಾತಿಯದು, ಯಾವ ಕೇರಿಯದು ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. ಎಂಟು ದಿನದ ನಂತರ ಈ ಮಗುವಿನ ತೋಳನ್ನೂ ಒಡೆದು ರಸ ತೆಗೆಯಲು ಒಪ್ಪಬೇಕು. ಕೇಳುವವರು ಯಾರು? ನಿನ್ನೆ ಮೊನ್ನೆ ಫಿರಂಗಿಯೊಡನೆ ಬಂದ ಕುಂಪಣಿಯವರು. ಜನ ಮಕ್ಕಳನ್ನು ಅಡಗಿಸಿಟ್ಟರೆ ಅದರಲ್ಲಿ ಆಶ್ಚರ್ಯವೇನಿದೆ?

ಮದರಾಸಿನಲ್ಲಿ ಕುಂಪಣಿಯ ಅಧಿಕಾರಿಯಾಗಿದ್ದ ವಿದ್ವಾಂಸ ಎಫ್. ಡಬ್ಲ್ಯೂ. ಎಲ್ಲಿಸ್ ಅವರು ಈ ಅಡ್ಡಿಯನ್ನು ದಾಟಲು ಒಂದು ಉಪಾಯ ಹೂಡಿದರು. ಗೋವಿನ ಈ ಕೊಡುಗೆಯನ್ನು ದೇವತೆಗಳೇ ಧನ್ವಂತರಿಗೆ ತಿಳಿಸಿದರೆಂಬ ಕಥೆಯೊಂದನ್ನು ಪುರಾತನ ಶೈಲಿಯಲ್ಲಿ ಹೆಣೆದರು. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಜನರ ದೇವರ ಹೆಸರಿನಲ್ಲಿ ಇಲ್ಲದ ಪುರಾಣವನ್ನು ಕಟ್ಟಿ ಅವರ ಮೈಯನ್ನು ಮುಟ್ಟುವ ಆ ಮಾರ್ಗ ನಮಗೆ ಸರಿಕಾಣುವುದಿಲ್ಲ.

ದುಬ್ವಾ ಅವರ ಬಂಡವಾಳ ಬೇರೆಯದಾಗಿತ್ತು. ಅವರು ಊರವರಿಗೆ ಕಂಡು ಕೇಳಿದ ಮುಖ. ಜನರ ಭಾಷೆಯಲ್ಲಿ ಜನರೊಡನೆ ಮಾತನಾಡಬಲ್ಲವರು. ಜನರ ಕಷ್ಟದ ದಿನಗಳಲ್ಲಿ ಅವರ ನಡುವೆ ಇದ್ದವರು. ಜನರ ಅಂಜಿಕೆ ಎಲ್ಲಿದೆಯೆಂಬುದನ್ನು ತಿಳಿದವರು. ಲಸಿಕೆಯ ಪ್ರಚಾರಕ್ಕೆ ಅವರು ತಮ್ಮ ಧರ್ಮಸಭೆಯ ಮಕ್ಕಳಿಂದಲೇ ಹೊರಟು, ಅಷ್ಟಕ್ಕೇ ನಿಲ್ಲಲಿಲ್ಲ. ದಿವಾನ್ ಪೂರ್ಣಯ್ಯನವರು ಮೈಸೂರಿನ ಆಡಳಿತವನ್ನು ನಡೆಸುತ್ತಿದ್ದ ಕಾಲವದು. 1803-04ರ ಅವಧಿಯಲ್ಲಿ ಲಸಿಕೆ ಪಡೆದು ದಾಖಲಾದವರ ಸಂಖ್ಯೆ 25,432. ಮುಂಬಯಿಯ ಆ ಮಗುವಿನ ತೋಳಿಗೆ ಲಸಿಕೆ ಹತ್ತಿ ಎರಡು ವರ್ಷವೂ ಕಳೆದಿರಲಿಲ್ಲ. ರಸ್ತೆಗಳಿಲ್ಲದ, ಯುದ್ಧದಿಂದ ಸೊರಗಿದ ಸೀಮೆಯಲ್ಲಿ ಇಷ್ಟು ತೋಳುಗಳು. ಇದು ದುಬ್ವಾ ಒಬ್ಬರ ಕೈಕೆಲಸವಲ್ಲ. ಸರಕಾರದ ವೈದ್ಯರು, ಲಸಿಕೆ ಹಾಕುವ ದೇಶೀಯ ಕೆಲಸಗಾರರು ಇವರೆಲ್ಲರ ಶ್ರಮ ಇದರಲ್ಲಿ ಸೇರಿದೆ. ಆದರೆ ಈ ಕಾರ್ಯದೊಡನೆ ದುಬ್ವಾ ಅವರ ಹೆಸರು ಅಂದಿನಿಂದಲೂ ಸೇರಿಕೊಂಡೇ ಬಂದಿದೆ.

ಅರಮನೆಯೂ ಹಿಂದೆ ಬೀಳಲಿಲ್ಲ. ಐರ್ಲೆಂಡ್ ಮೂಲದ ಚಿತ್ರಕಾರ ಥಾಮಸ್ ಹಿಕ್ಕಿಯವರು 1805ರ ಸುಮಾರಿಗೆ ರಚಿಸಿದ್ದೆನ್ನಲಾದ ತೈಲಚಿತ್ರವೊಂದರಲ್ಲಿ ಮೈಸೂರು ಅರಮನೆಯ ಮೂವರು ಸ್ತ್ರೀಯರಿದ್ದಾರೆ. ಅವರಲ್ಲೊಬ್ಬ ಕಿರಿಯಳು ತನ್ನ ಸೆರಗನ್ನು ಸರಿಸಿ ತೋಳಿನತ್ತ ಬೆರಳು ತೋರುತ್ತಿದ್ದಾಳೆ. ಆಕೆ ಬಾಲಕ ಅರಸು ಮುಮ್ಮಡಿ ಕೃಷ್ಣರಾಜ ಒಡೆಯರ ವಧು ದೇವಾಜಮ್ಮಣ್ಣಿ. ತೋರಿಸುತ್ತಿರುವುದು ಲಸಿಕೆಯ ಗುರುತನ್ನು. ಪ್ರಜೆಗಳ ಅಂಜಿಕೆ ಬಿಡಿಸಲು ಆ ಚಿತ್ರ ಬರೆಸಲಾಯಿತು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಅಭಿಪ್ರಾಯ. ಅದೇ ಹಿಕ್ಕಿಯವರು 1820ರಲ್ಲಿ ದುಬ್ವಾ ಅವರ ಚಿತ್ರವನ್ನೂ ಬರೆದರು.

ಕುಂಪಣಿಗೆ ಲಸಿಕೆ ಬೇಕಾದುದು ಬರಿಯ ಕರುಣೆಯಿಂದಲ್ಲ ಎಂಬುದನ್ನೂ ಹೇಳಬೇಕು. ಸೈನಿಕರು ಸಾಯಬಾರದು, ಹೊಲ ಪಾಳುಬೀಳಬಾರದು, ಕಂದಾಯ ನಿಲ್ಲಬಾರದು. ಆಳುವವರ ಲೆಕ್ಕ ಆಳುವವರಿಗೆ. ದುಬ್ವಾ ಅವರು ಆ ಕುಂಪಣಿಯ ಹಣವನ್ನು ಪಡೆದವರೇ. ಅವರ ಗ್ರಂಥದ ಹಸ್ತಪ್ರತಿಯನ್ನು ಮದರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅವರ ಕಾಲದಲ್ಲಿ ಕುಂಪಣಿ 2,000 ವರಹ ಕೊಟ್ಟು ಕೊಂಡಿತು. ಕೊನೆಗೆ ಅವರಿಗೆ ನಿವೃತ್ತಿವೇತನವನ್ನೂ ಕೊಟ್ಟಿತು. ಆಳುವವರಿಗೆ ಪ್ರಜೆಗಳ ಒಳಮನೆಯ ಸುದ್ದಿ ಬೇಕಾಗಿತ್ತು, ಆ ಗ್ರಂಥ ಅದನ್ನು ಒದಗಿಸಿತು. ಇಂಗ್ಲಿಷ್ ಅನುವಾದ 1816ರಲ್ಲಿ ಹೊರಬಂದಿತು. ದುಬ್ವಾ ಅವರೇ ತಿದ್ದಿ ಬೆಳೆಸಿದ ಫ್ರೆಂಚ್ ಆವೃತ್ತಿ 1825ರಲ್ಲಿ ಪ್ರಕಟವಾಯಿತು. 1897ರ ಇಂಗ್ಲಿಷ್ ಆವೃತ್ತಿಗೆ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಅವರೇ ಪೀಠಿಕೆ ಬರೆದರು.

ಆ ಕೀರ್ತಿಗೂ ಈಗ ಒಂದು ತಿದ್ದುಪಡಿ ಬೇಕಾಗಿದೆ. ಫ್ರಾನ್ಸಿನ ಸಂಶೋಧಕಿ ಸಿಲ್ವಿಯಾ ಮುರ್ ಅವರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದುಬ್ವಾ ಅವರ ಗ್ರಂಥದ ಬಹುಭಾಗಕ್ಕೆ ಮೂಲ ಯೇಸುಸಭೆಯ ಗುರು ಕೇರ್ದೂ ಅವರ ಹಸ್ತಪ್ರತಿಯೆಂದು ತೋರಿಸಿಕೊಟ್ಟರು. ಕೇರ್ದೂ ಅವರು 1779ರಲ್ಲಿ ಪುದುಚೇರಿಯಲ್ಲಿ ತೀರಿಕೊಂಡ ಮಹಾವಿದ್ವಾಂಸರು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್ ಭಾಷೆಗಳಿಗೂ ಇರುವ ನಂಟನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು. ಅವರ ಹೆಸರನ್ನು ದುಬ್ವಾ ಎತ್ತಲಿಲ್ಲ. ಇದು ತಪ್ಪು, ಗುರುವೆಂಬ ಕಾರಣಕ್ಕೆ ಅದನ್ನು ಮುಚ್ಚಿಡುವುದು ನಮಗೆ ಒಪ್ಪಿಗೆಯಿಲ್ಲ. ಜಗತ್ತು ಎರಡು ಶತಮಾನ ಕೊಂಡಾಡಿದ ಪುಸ್ತಕದಲ್ಲಿ ಅವರದೆಷ್ಟು, ಇತರರದೆಷ್ಟು ಎಂಬ ಪ್ರಶ್ನೆ ಈಗ ವಿದ್ವಾಂಸರ ಮುಂದಿದೆ. ಲಸಿಕೆಯ ಕಾರ್ಯದಲ್ಲಿ ಅಂಥ ಪ್ರಶ್ನೆಯಿಲ್ಲ. ಅದನ್ನು ಬೇರೆಯವರ ಹಸ್ತಪ್ರತಿಯಿಂದ ನಕಲು ಮಾಡಲು ಬರುವುದಿಲ್ಲ.

ಇಲ್ಲಿ ನಮ್ಮ ಮನೆಗಳ ಮಾತನ್ನೂ ಆಡಬೇಕು. ಮಗುವಿಗೆ ಜ್ವರ ಬಂದಾಗ ಹಣೆಗೆ ತೀರ್ಥ ಹಚ್ಚಿ ಶಿಲುಬೆಯ ಗುರುತು ಹಾಕುವ ತಾಯಂದಿರು ನಮ್ಮಲ್ಲಿದ್ದಾರೆ. ಸಾಂಕ್ರಾಮಿಕ ರೋಗಗಳ ಕಾಲದಲ್ಲಿ ಸಂತ ಸೆಬಾಸ್ಟಿಯನ್, ಸಂತ ರೋಕ್ ಅವರಿಗೆ ಮೊರೆಯಿಡುವುದು ಹಳೆಯ ಭಕ್ತಿ. ಫೆಬ್ರುವರಿ 3ರಂದು ಸಂತ ಬ್ಲೇಸ್ ಅವರ ಹಬ್ಬದಲ್ಲಿ ಎರಡು ಮೇಣದ ಬತ್ತಿಗಳನ್ನು ಕೊರಳಿಗೆ ಹಿಡಿದು ಗಂಟಲ ಬೇನೆಯಿಂದ ಕಾಪಾಡೆಂದು ಗುರುಗಳು ಆಶೀರ್ವದಿಸುತ್ತಾರೆ. ಅದರ ಜೊತೆಗೇ ಕಾಮಾಲೆಗೆ ನಾಟಿ ಔಷಧ, ದೃಷ್ಟಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸುವುದು, ಒಮ್ಮೊಮ್ಮೆ ಕೊರಳಿಗೆ ತಾಯಿತವೂ ಬರುತ್ತವೆ. ಸಂತರ ಪದಕ ಮತ್ತು ತಾಯಿತ ಒಂದೇ ದಾರದಲ್ಲಿ ತೂಗುವುದನ್ನು ಕಂಡ ಗುರುಗಳು ನಮ್ಮಲ್ಲಿ ಕಡಿಮೆಯಿಲ್ಲ. ಪ್ರಭು ಯೇಸು ಕುರುಡನ ಕಣ್ಣಿಗೆ ಹಚ್ಚಿದ್ದು ಉಗುಳಿನಿಂದ ಕಲಸಿದ ಮಣ್ಣು. ಹಳೆಯ ಒಡಂಬಡಿಕೆಯ ಸಿರಾಖನ ಗ್ರಂಥವು ತನ್ನ 38ನೆಯ ಅಧ್ಯಾಯದಲ್ಲಿ ವೈದ್ಯನನ್ನು ಗೌರವಿಸಬೇಕೆಂದೂ, ಔಷಧಗಳನ್ನು ಭೂಮಿಯಿಂದ ಹುಟ್ಟಿಸಿದವನು ದೇವರೇ ಎಂದೂ, ರೋಗ ಬಂದಾಗ ಪ್ರಾರ್ಥಿಸಿ ಆನಂತರ ವೈದ್ಯನಿಗೂ ಸ್ಥಳ ಕೊಡಬೇಕೆಂದೂ ತಿಳಿಸುತ್ತದೆ. ತೀರ್ಥ ಹಚ್ಚಿದ ತಾಯಿ ಮಗುವನ್ನು ಎತ್ತಿಕೊಂಡು ದವಾಖಾನೆಗೂ ಹೊರಟರೆ ಯಾವ ಧರ್ಮಸಭೆಯೂ ಅವಳನ್ನು ತಡೆಯದು. ತೀರ್ಥವನ್ನೋ ತಾಯಿತವನ್ನೋ ನಂಬಿ ದವಾಖಾನೆಯ ದಾರಿಯನ್ನೇ ಬಿಟ್ಟರೆ ಆಗ ಮಗುವಿಗೆ ಕುತ್ತು. 1822ರಲ್ಲಿ ಪೋಪರ ಆಳ್ವಿಕೆಯ ಸೀಮೆಗಳಲ್ಲಿ ಲಸಿಕೆಯನ್ನು ಪ್ರೋತ್ಸಾಹಿಸುವ ಆಜ್ಞೆ ಹೊರಟಿತು. ನಮ್ಮ ದೊಡ್ಡ ಸ್ವಾಮಿಯವರು ಅದಕ್ಕೆ ಹದಿನೆಂಟು ವರ್ಷ ಮೊದಲೇ ಆ ಕೆಲಸದಲ್ಲಿದ್ದರು.

ಆದರೆ ದುಬ್ವಾ ಅವರಿಗೆ ತಮ್ಮ ಬಾಳು ಸಾರ್ಥಕವಾಯಿತೆಂಬ ನೆಮ್ಮದಿ ಇರಲಿಲ್ಲ. ಮೂವತ್ತು ವರ್ಷ ಶ್ರಮಿಸಿದರೂ ಮನಸಾರೆ ಕ್ರಿಸ್ತರನ್ನು ಒಪ್ಪಿದ ಹಿಂದೂಗಳನ್ನು ತಾವು ಕಾಣಲಿಲ್ಲವೆಂಬ ಕೊರಗು ಅವರನ್ನು ಕಾಡಿತು. 1823ರ ಜನವರಿ 15ರಂದು ಅವರು ಭಾರತವನ್ನು ಬಿಟ್ಟು ಹೊರಟರು. ಅದೇ ವರ್ಷ ಭಾರತದ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಪ್ರಕಟವಾದವು. ಹಿಂದೂಗಳ ಮತಾಂತರ ಅಸಾಧ್ಯವೆಂಬುದೇ ಅವುಗಳ ವಾದ. ಪ್ರೊಟೆಸ್ಟೆಂಟ್ ಮಿಷನರಿಗಳು ಸಿಟ್ಟಾಗಿ ಉತ್ತರ ಬರೆದರು, ವಾದವಿವಾದ ಬೆಳೆಯಿತು.

ಆ ಪತ್ರಗಳ ನಿರಾಶೆಯನ್ನು ನಾವು ಗೌರವಿಸುತ್ತೇವೆ, ಆದರೆ ಅವರ ಲೆಕ್ಕವನ್ನು ಪೂರ್ತಿ ಒಪ್ಪುವುದಿಲ್ಲ. ಅವರು ಎಣಿಸಿದ್ದು ತಮ್ಮ ಧರ್ಮಕ್ಕೆ ಬಾರದವರನ್ನು. ಬಾರದ ಆ ಜನರಲ್ಲಿಯೇ ಎಷ್ಟೋ ಮಂದಿ ತಮ್ಮ ಕೂಸುಗಳನ್ನು ತಂದು, ದೇವಿ ಸಿಟ್ಟಾಗುವಳೆಂಬ ಅಂಜಿಕೆಯನ್ನು ನುಂಗಿಕೊಂಡು, ಲಸಿಕೆಯ ಚಾಕುವಿಗೆ ತೋಳು ಒಡ್ಡಿದ್ದರು. ತನ್ನ ದೇವರನ್ನು ಬಿಡದ ತಾಯಿ ತನ್ನ ಮಗುವನ್ನು ಪರಧರ್ಮದ ಗುರುವಿನ ಮಾತಿನ ಮೇಲೆ ಒಪ್ಪಿಸುವುದು ಸಣ್ಣ ವಿಶ್ವಾಸವಲ್ಲ. ಆ ವಿಶ್ವಾಸ ದುಬ್ವಾ ಅವರ ಪತ್ರಗಳ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಪ್ಯಾರಿಸ್ಸಿಗೆ ಮರಳಿದ ಮೇಲೆ ಅವರು ತಮ್ಮ ಸಂಸ್ಥೆಯ ಗುರುಮಠದಲ್ಲಿ ನೆಲೆಸಿದರು. ಪಂಚತಂತ್ರದ ಕಥೆಗಳನ್ನು ಫ್ರೆಂಚ್ ಭಾಷೆಗೆ ತಂದು 1826ರಲ್ಲಿ ಪ್ರಕಟಿಸಿದರು. ಭಾರತದ ಬಗ್ಗೆ ಅಷ್ಟು ಕಟುವಾಗಿ ಬರೆದ ಕೈ ವೃದ್ಧಾಪ್ಯದಲ್ಲಿ ಭಾರತದ ನರಿ ಕಾಗೆಗಳ ಕಥೆಯನ್ನು ಹಿಡಿದು ಕೂತಿತ್ತು. 1836ರಿಂದ 1839ರವರೆಗೆ ಆ ಗುರುಮಠದ ಶ್ರೇಷ್ಠರಾಗಿ, ದೂರದ ದೇಶಗಳಿಗೆ ಹೊರಡುವ ಎಳೆಯ ಗುರುಗಳನ್ನು ಸಿದ್ಧಪಡಿಸಿದರು. 1848ರ ಫೆಬ್ರುವರಿ 17ರಂದು ತೀರಿಕೊಂಡರು. ಇನ್ನೊಂದೇ ವಾರದಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ನಡೆಯಿತು.

ಅವರು ಬಿಟ್ಟುಹೋದ ಸೀಮೆಯಲ್ಲಿ ಸಿಡುಬು ಕೂಡಲೇ ಅಳಿಯಲಿಲ್ಲ. ಸರಪಳಿ ಎಷ್ಟೋ ಸಲ ಕಡಿಯಿತು; ಜನ ಎಷ್ಟೋ ಸಲ ಲಸಿಕೆಯವರನ್ನು ಕಂಡು ಓಡಿದರು. ಭಾರತದಲ್ಲಿ ಕೊನೆಯ ಸಿಡುಬು ರೋಗಿ ಕಂಡುಬಂದದ್ದು 1975ರಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಿತು. ಆನಂತರ ಹುಟ್ಟಿದ ಮಕ್ಕಳ ತೋಳಿನಲ್ಲಿ ಸಿಡುಬಿನ ಲಸಿಕೆಯ ಆ ಕಲೆ ಇಲ್ಲ. ಅಮ್ಮನ ಗುಡಿಗಳು ಊರೂರಿನಲ್ಲಿ ಹಾಗೆಯೇ ಇವೆ, ಜಾತ್ರೆಗಳು ನಡೆಯುತ್ತವೆ, ಬಾಗಿಲಿಗೆ ಬೇವಿನ ತಪ್ಪಲು ಈಗ ಸೀತಾಳೆ ಸಿಡುಬಿಗೆ ಏರುತ್ತದೆ. ಶ್ರೀರಂಗಪಟ್ಟಣಕ್ಕೆ ಹೋದವರು ಕೋಟೆ, ದರಿಯಾ ದೌಲತ್, ಗುಂಬಜ್ ನೋಡಿ ತಿರುಗಿ ಬರುವ ಮುನ್ನ ಗಂಜಾಮಿನ ಆ ಹಳೆಯ ದೇವಾಲಯವನ್ನೂ ಕೇಳಿಕೊಂಡು ಹೋಗಬಹುದು. ಅಬ್ಬೆ ದುಬ್ವಾ ಅವರ ದೇವಾಲಯವೆಂದರೆ ದಾರಿ ತೋರಿಸುತ್ತಾರೆ.